ಪಿ.ಟಿ. ಮೇಷ್ಟ್ರಿಗೆ ಅರ್ಥವಾದ ಸೆಲ್ಫ್

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ತರಬೇತಿಗೆ ನಮ್ಮ ಶಾಲೆಯಿಂದ ನನ್ನ ಹೆಸರು ಹೋದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ನಂಜನಗೂಡಿನ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತದ ಶಿಕ್ಷಕಿ. ಜೊತೆಗೆ ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಏನೇ ಇದ್ದರೂ, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ಸಹ, ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖವೂ ನನ್ನ ಕಡೆ ತಿರುಗುತ್ತದೆ. ಹಾಗೆ ತಿರುಗುವುದು ನನಗೆ ಇಷ್ಟ. ಅದೇ ಕೆಲಸ ಇನ್ನೊಬ್ಬರಿಗೂ ಬರುತ್ತದೆ ಎಂದು ಗೊತ್ತಾದರೆ ನನಗೆ ಒಳಗೊಳಗೇ ಕಸಿವಿಸಿಯಾಗುತ್ತದೆ ಎನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ತರಬೇತಿ ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಶಿಕ್ಷಕರಿಗೆ ಒಟ್ಟಾಗಿ ಏರ್ಪಾಡಾಗಿತ್ತು. ನಾವು ಹದಿನಾರು ಜನ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಸೇರಬೇಕು. ಒಂದು ವಾರ ನಂಜನಗೂಡಿನ ಲ್ಯಾಬಿನಲ್ಲಿ, ಮರುವಾರ ನರಸೀಪುರದಲ್ಲಿ. ಮೈಸೂರಿನಿಂದ ಬರುತ್ತಿದ್ದ ತರಬೇತುದಾರರು ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಮಾತು ಚುರುಕು. ಮೊದಲ ದಿನವೇ ಆಕೆ ಹೇಳಿದರು: "ಕೊನೇಲಿ ನಿಮ್ಮಲ್ಲೇ ಒಬ್ಬರನ್ನ ಆರಿಸ್ತೀವಿ. ಮುಂದಿನ ತಂಡಕ್ಕೆ ಅವರೇ ಪಾಠ ಮಾಡಬೇಕು." ನಾನು ಸುತ್ತ ಒಮ್ಮೆ ಕಣ್ಣಾಡಿಸಿದೆ. ಅದು ನಾನೇ ಎಂದು ಮನಸ್ಸಿನಲ್ಲೇ ತೀರ್ಮಾನವಾಗಿಹೋಯಿತು.

ನನ್ನ ಪಕ್ಕದ ಕುರ್ಚಿಗೆ ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಕಡೆಯ ಶಾಲೆಯ ದೈಹಿಕ ಶಿಕ್ಷಕರು ಬಂದು ಕುಳಿತರು. ಮೂವತ್ತೈದರ ಆಸುಪಾಸು, ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿದ್ದ ಸೀಟಿಯನ್ನು ತೆಗೆಯುವುದನ್ನೂ ಮರೆತಿದ್ದರು. ಅವರ ಶಾಲೆಯಿಂದ ಬರಬೇಕಿದ್ದ ವಿಜ್ಞಾನದ ಮೇಡಂ ಹೆರಿಗೆ ರಜೆಯಲ್ಲಿದ್ದರಂತೆ.

"ನಮ್ ಎಚ್ಚೆಮ್ಮು, ನೀನೇ ಓಗಿ ಕೂತ್ಕೊಂಡ್ ಬಾ ಅಂದ್ರು ಮೇಡಂ. ಬಂದ್ಬುಟ್ಟೆ. ನಂಗೆ ಮೌಸ್ ಇಡ್ಕಳದೇ ಕಷ್ಟ" ಎಂದು ನಕ್ಕರು.

ಪಾಪ ಅನಿಸಿತು. ಫೈಲ್ ಎಲ್ಲಿ ಉಳಿಸಬೇಕು, ಪ್ರೋಗ್ರಾಂ ಹೇಗೆ ಓಡಿಸಬೇಕು ಎಂದೆಲ್ಲ ತೋರಿಸಿಕೊಟ್ಟೆ. ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಆ ಮೊದಲ ದಿನ ಅವರ ಮೇಲೆ ನನಗೆ ನಿಜವಾದ ವಿಶ್ವಾಸವಿತ್ತು.

ಅಂದಿನ ಪಾಠ ಕ್ಲಾಸ್ ಮತ್ತು ಇನ್‌ಸ್ಟನ್ಸ್. ತರಬೇತುದಾರರು ಕಾರಿನ ಉದಾಹರಣೆ ಕೊಟ್ಟರು. ಕಾರಿನ ನಕ್ಷೆ ಕ್ಲಾಸ್, ಆ ನಕ್ಷೆಯ ಪ್ರಕಾರ ತಯಾರಾಗಿ ರಸ್ತೆಗಿಳಿಯುವ ಒಂದೊಂದು ಕಾರೂ ಒಂದು ಇನ್‌ಸ್ಟನ್ಸ್. ನಮ್ಮಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಓಡಾಡುವವರು. ಕಾರಿನ ನಕ್ಷೆಯನ್ನು ಯಾರು ಕಂಡಿದ್ದಾರೆ? ಎಲ್ಲರೂ ತಲೆಯಾಡಿಸಿದರು, ಯಾರಿಗೂ ಅರ್ಥವಾಗಲಿಲ್ಲ. ಆಗ ನಾನು ಎದ್ದು ಹೇಳಿದೆ: "ಶಾಲೆಗೆ ಸೇರುವಾಗ ತುಂಬುವ ಅರ್ಜಿ ಫಾರಂ ಇದೆಯಲ್ಲ, ಖಾಲಿ ಫಾರಂ ಕ್ಲಾಸ್. ಹೆಸರು, ಊರು, ತಂದೆಯ ಹೆಸರು ಬರೆದು ತುಂಬಿದ ಒಂದೊಂದು ಫಾರಂ ಒಂದೊಂದು ಇನ್‌ಸ್ಟನ್ಸ್. ಖಾಲಿ ಫಾರಂ ಒಂದೇ ನಮೂನೆ, ತುಂಬಿದ್ದು ನೂರಾರು."

ಲ್ಯಾಬಿನಲ್ಲಿ "ಓ" ಎಂಬ ಸದ್ದು ಎದ್ದಿತು. ತರಬೇತುದಾರರು "ಚೆನ್ನಾಗಿದೆ ಮೇಡಂ" ಎಂದು ಬೋರ್ಡಿನ ಮೇಲೆ ಫಾರಂನ ಚಿತ್ರ ಬರೆದರು. ಹದಿನೈದು ಜನ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಆ ಸಂಜೆ ನಾನು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಫಾರಂ ನೆನೆದು ಖುಷಿಪಟ್ಟೆ.

ಎರಡನೆಯ ಶನಿವಾರ ನರಸೀಪುರದಲ್ಲಿ. ಅಂದು ಸೆಲ್ಫ್ ಬಂತು. ಕ್ಲಾಸಿನ ಒಳಗೆ ಎಲ್ಲಿ ನೋಡಿದರೂ ಸೆಲ್ಫ್, ಚುಕ್ಕೆ, ಆಮೇಲೆ ಹೆಸರು. ಪ್ರತಿ ಫಂಕ್ಷನ್ನಿಗೂ, ಅಂದರೆ ಕ್ಲಾಸಿನಲ್ಲಿ ಬರೆದಿಡುವ ಒಂದೊಂದು ಕೆಲಸಕ್ಕೂ, ಮೊದಲ ಪದವಾಗಿ ಸೆಲ್ಫ್. ಇದು ಯಾಕೆ ಎಂದು ಒಬ್ಬರು ಕೇಳಿದರು. ತರಬೇತುದಾರರು ಮೂರು ಸಲ ಮೂರು ಥರ ವಿವರಿಸಿದರು. ಕೇಳಿದವರ ಮುಖ ಇನ್ನೂ ಹಾಗೇ ಇತ್ತು. ನಾನು ಪಕ್ಕದಿಂದ ಹೇಳಿದೆ, "ಅದೊಂದು ನಿಯಮ. ಹಾಗೇ ಬರೀಬೇಕು, ಅಷ್ಟೇ."

ಅದು ಗಣಿತದ ಮೇಷ್ಟ್ರು ಕೈಲಾಗದಾಗ ಹೇಳುವ ಮಾತು. ನನಗೂ ಸೆಲ್ಫ್ ಪೂರ್ತಿ ಅರ್ಥವಾಗಿರಲಿಲ್ಲ.

ಪಿ.ಟಿ. ಮೇಷ್ಟ್ರು ಕೈ ಎತ್ತಿದರು. "ನಾನೊಂದ್ ಯೋಳ್ಲಾ ಮೇಡಂ? ತಪ್ಪಾದ್ರೆ ಬೈಬೇಡಿ." ತರಬೇತುದಾರರು ಒಪ್ಪಿದರು. ಇವರು ಎದ್ದು ಮುಂದೆ ಹೋಗಿ, ನಿಜವಾಗಿಯೂ ಸೀಟಿ ಊದಿದರು. "ಎಲ್ರೂ ಎದ್ ನಿಂತ್ಕಳಿ. ಬಲ್ಗೈ ಎತ್ತಿ."

ಹದಿನೈದು ಜನ ಎದ್ದು ನಿಂತು ಬಲಗೈ ಎತ್ತಿದೆವು. ನಾನೂ ಎತ್ತಿದೆ.

"ನೋಡಿ, ನಾನ್ ಯೋಳಿದ್ದು ಒಂದ್ಸಲ. ಒಂದೇ ಮಾತು. ಆದ್ರೆ ಎತ್ತಿದ್ ಕೈ ಯಾರ್ದು? ಅವ್ರವ್ರದು. ಈ ಮೇಡಂ ಓಗ್ಬುಟ್ಟು ಆ ಸಾರ್ ಕೈ ಎತ್ಲಿಲ್ಲ. ಗ್ರೌಂಡಲ್ಲಿ ನೂರ್ ಐಕ್ಳು ಇದ್ರೂ ನಾನು ಒಬ್ಬೊಬ್ರ ಎಸ್ರು ಇಡ್ದು ಯೋಳಕಿಲ್ಲ. ತಂತಮ್ಮ ಕೈ ಎತ್ಬೇಕು ಅಂತ ಅವ್ಕೆ ಗೊತ್ತು. ಕ್ಲಾಸಲ್ಲಿ ಬರಿಯದು ಆ ಒಂದ್ ಮಾತ. ಸೆಲ್ಫು ಅಂದ್ರೆ ತಂತಮ್ಮ. ಅಷ್ಟೇ ಅಲ್ವಾ ಮೇಡಂ?"

ಕೆಲವು ಕ್ಷಣ ಯಾರೂ ಕೈ ಇಳಿಸಲೇ ಇಲ್ಲ. ಆಮೇಲೆ ಚಪ್ಪಾಳೆ ಬಿತ್ತು. ತರಬೇತುದಾರರ ಮುಖ ಅರಳಿತ್ತು. "ಸರ್, ಇನ್ಮೇಲೆ ನಾನೂ ಹೀಗೇ ಹೇಳ್ತೀನಿ" ಎಂದರು. ಬಳಿಕ ಬೋರ್ಡಿನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು: "ಫಾರಂ ಉದಾಹರಣೆ ಅರ್ಧ ದಾರಿ ಕರಕೊಂಡು ಹೋಗುತ್ತೆ. ಫಾರಂ ಮಾಹಿತಿ ಇಟ್ಕೊಳ್ಳುತ್ತೆ, ಆದ್ರೆ ತಾನಾಗಿ ಏನೂ ಮಾಡಲ್ಲ. ಇನ್‌ಸ್ಟನ್ಸ್ ಅಂದ್ರೆ ಮಾಹಿತಿನೂ ಇರುತ್ತೆ, ಹೇಳಿದ ಕೆಲಸಾನೂ ಮಾಡುತ್ತೆ. ಗ್ರೌಂಡಲ್ಲಿ ನಿಂತ ಮಕ್ಕಳ ಹಾಗೆ."

ಆಕೆ ನನ್ನನ್ನು ನೋಡಿ ಹೇಳಲಿಲ್ಲ. ನನ್ನನ್ನು ಚುಚ್ಚುವ ಉದ್ದೇಶವೂ ಇರಲಿಲ್ಲ. ಆದರೂ ಕಿವಿ ಬಿಸಿಯಾಯಿತು. ಟೀ ಬಿಡುವಿನಲ್ಲಿ ಎಲ್ಲರೂ ಪಿ.ಟಿ. ಮೇಷ್ಟ್ರ ಸುತ್ತ ನಿಂತಿದ್ದರು. ಕಳೆದ ವಾರ ನನ್ನ ಹತ್ತಿರ ಫೈಲ್ ಉಳಿಸುವುದು ಹೇಗೆ ಎಂದು ಕೇಳಿದ್ದ ಸಮಾಜ ವಿಜ್ಞಾನದ ಮೇಡಂ ಈಗ ಅದನ್ನೇ ಅವರ ಹತ್ತಿರ ಕೇಳುತ್ತಿದ್ದರು. ಮೇಷ್ಟ್ರಿಗೆ ಅದನ್ನು ಹೇಳಿಕೊಟ್ಟವಳೇ ನಾನು.

ನನಗಾದದ್ದು ಹೊಟ್ಟೆಕಿಚ್ಚು. ಬೇರೆ ಹೆಸರು ಇಟ್ಟು ಪ್ರಯೋಜನವಿಲ್ಲ. ಸುತ್ತೂರಿನ ಮೇಲೆ ಹಾದು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ದಾರಿಯುದ್ದಕ್ಕೂ ಅದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದೆ. ಇಡ್ಲಿ ತಟ್ಟೆ ಮತ್ತು ಇಡ್ಲಿ. ಇಟ್ಟಿಗೆಯ ಅಚ್ಚು ಮತ್ತು ಇಟ್ಟಿಗೆ. ರಂಗೋಲಿಯ ಜಾಲರಿ. ಯಾವುದೂ ತಾನಾಗಿ ಕೈ ಎತ್ತುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಆ 'ತಂತಮ್ಮ' ಎಂಬ ಪದಕ್ಕೆ. "ತಂತಮ್ಮ ಪುಸ್ತಕ ತೆಗೀರಿ", "ತಂತಮ್ಮ ಜಾಗದಲ್ಲಿ ಕೂತ್ಕೊಳ್ಳಿ" ಎಂದು ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹತ್ತು ಸಲ ನಾನು ತರಗತಿಯಲ್ಲಿ ಹೇಳುತ್ತಿದ್ದೇನೆ. ಪದ ನನ್ನ ಬಾಯಲ್ಲೇ ಇತ್ತು. ಹೊಳೆದದ್ದು ಮೌಸ್ ಹಿಡಿಯಲು ಬಾರದವರಿಗೆ.

ಮನೆಯಲ್ಲಿ ಆ ವಾರವೆಲ್ಲ ನಾನು ಪಿ.ಟಿ. ಮೇಷ್ಟ್ರ ಟೈಪಿಂಗ್ ಬಗ್ಗೆ, ಅವರ ಕಾಗುಣಿತದ ಬಗ್ಗೆ, ತರಗತಿಯೊಳಗೆ ಸೀಟಿ ಊದಿದ್ದರ ಬಗ್ಗೆ ಮಾತಾಡಿದೆ. ಒಂದು ದಿನ ಊಟದ ನಡುವೆ ನನ್ನ ಯಜಮಾನರು ಹೇಳಿದರು, "ಆ ಮೇಷ್ಟ್ರನ್ನ ನಾನು ನೋಡೇ ಇಲ್ಲ ಕಣೇ. ಆದ್ರೆ ಎದುರಿಗೆ ಬಂದ್ರೆ ಗುರುತು ಹಿಡೀತೀನಿ." ನಾನು ಆಮೇಲೆ ಆ ಮಾತು ನಿಲ್ಲಿಸಿದೆ, ಯೋಚನೆ ನಿಲ್ಲಿಸಲಿಲ್ಲ.

ಪ್ರತಿಯೊಬ್ಬರೂ ತಮ್ಮ ಶಾಲೆಗೆ ಉಪಯೋಗವಾಗುವ ಒಂದು ಪ್ರೋಗ್ರಾಂ ಮಾಡಿ ಕೊನೆಯ ಶನಿವಾರ ತೋರಿಸಬೇಕಿತ್ತು. ನಾನು ಅಂಕಪಟ್ಟಿ ಮಾಡಬಹುದಿತ್ತು, ಅದು ನನ್ನ ಕ್ಷೇತ್ರ. ಬೇಕೆಂದೇ ಕ್ರೀಡೆಯನ್ನು ಆರಿಸಿಕೊಂಡೆ. ಆ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟ ನಮ್ಮ ಶಾಲೆಯ ಮೈದಾನದಲ್ಲಿ ನಡೆಯುವುದಿತ್ತು. ಎಂಟು ಶಾಲೆಯ ಮಕ್ಕಳ ಹೆಸರನ್ನು ಲ್ಯಾಪ್‌ಟಾಪಿನಲ್ಲೇ ನೋಂದಾಯಿಸುವ ಪ್ರೋಗ್ರಾಂ ಮಾಡುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಪಿ.ಟಿ. ಮೇಷ್ಟ್ರ ಮೈದಾನದಲ್ಲೇ ಅವರನ್ನು ಹಿಂದೆ ಹಾಕಬೇಕೆಂಬುದು ನನ್ನ ಉದ್ದೇಶ ಎಂದು ಮುಖ್ಯೋಪಾಧ್ಯಾಯರಿಗೇನು ಗೊತ್ತು!

ಶ್ರದ್ಧೆಯಿಂದ ಕುಳಿತೆ. ಕ್ಲಾಸಿಗೆ 'ಸ್ಪರ್ಧಿ' ಎಂದು ಹೆಸರಿಟ್ಟೆ. ಪ್ರತಿ ಸ್ಪರ್ಧಿಗೂ ಹೆಸರು, ಶಾಲೆ, ಭಾಗವಹಿಸುವ ಆಟಗಳ ಪಟ್ಟಿ. ಒಂದು ಮಗು ಮೂರು ಆಟಕ್ಕಿಂತ ಹೆಚ್ಚಿಗೆ ಸೇರುವಂತಿಲ್ಲ ಎಂಬುದು ಕೂಟದ ನಿಯಮ. ಹಾಗಾಗಿ ಹೊಸ ಆಟ ಸೇರಿಸುವ ಮೊದಲು ಪಟ್ಟಿಯಲ್ಲಿ ಎಷ್ಟಿದೆ ಎಂದು ಎಣಿಸಿ, ಮೂರಾಗಿದ್ದರೆ 'ಸೇರಿಸಲಾಗದು' ಎಂದು ಹೇಳುವಂತೆ ಬರೆದೆ. ಹೆಸರು ಮತ್ತು ಶಾಲೆಯನ್ನು ಇನಿಟ್ ಎಂಬ ಫಂಕ್ಷನ್ನಿನ ಒಳಗೆ ಇಟ್ಟೆ. ಹೊಸ ಇನ್‌ಸ್ಟನ್ಸ್ ಹುಟ್ಟಿದಾಗಲೆಲ್ಲ ಪೈಥಾನ್ ಮೊದಲು ಓಡಿಸುವುದು ಅದನ್ನೇ. ಆಟಗಳ ಖಾಲಿ ಪಟ್ಟಿಯನ್ನು ಮಾತ್ರ ಅದರ ಹೊರಗೆ, ಕ್ಲಾಸಿನ ಹೆಸರಿನ ಕೆಳಗೇ ಇಟ್ಟೆ:

aatagalu = []

ಯಾಕೆ ಅಲ್ಲಿಟ್ಟೆ ಎಂದರೆ, ನನ್ನ ತಲೆಯಲ್ಲಿದ್ದದ್ದು ಫಾರಂ. ಹೆಸರು ಮತ್ತು ಶಾಲೆ ತುಂಬುವವರು ಬರೆಯುವುದು. ಆಟಗಳ ಖಾಲಿ ಕಲಂ ಫಾರಂನಲ್ಲೇ ಅಚ್ಚಾಗಿರುವುದು. ಖಾಲಿ ಫಾರಂ ಮೇಲೆ ಒಂದು ಕಲಂ ಅಚ್ಚು ಹಾಕಿಸಿದರೆ ನೂರು ಪ್ರತಿಗೂ ಒಂದೊಂದು ಕಲಂ ಬರುತ್ತದೆ. ಪೈಥಾನಿನಲ್ಲೂ ಹಾಗೇ ಎಂದುಕೊಂಡೆ.

ಒಬ್ಬಳ ಹೆಸರು ಹಾಕಿ ಪರೀಕ್ಷಿಸಿದೆ. ಒಂದು, ಎರಡು, ಮೂರು ಆಟ ಸೇರಿತು. ನಾಲ್ಕನೆಯದಕ್ಕೆ 'ಸೇರಿಸಲಾಗದು' ಎಂದಿತು. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಓಡಿಸಿ ಇನ್ನೊಬ್ಬ ಹುಡುಗನ ಹೆಸರು ಹಾಕಿದೆ. ಅದೂ ಸರಿ. ನಿಲ್ಲಿಸಿ ಓಡಿಸಿದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ, ಇಬ್ಬರು ಒಟ್ಟಿಗೆ ಇದ್ದಾಗ ಏನಾಗುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ ಎಂಬುದು ಹೊಳೆಯಲಿಲ್ಲ.

ಮೂರನೆಯ ಶನಿವಾರ ಪ್ರೋಗ್ರಾಂ ಲ್ಯಾಬಿನಲ್ಲಿ ತೋರಿಸಿದೆ. ಎಲ್ಲರೂ ಮೆಚ್ಚಿಕೊಂಡರು. ಪಿ.ಟಿ. ಮೇಷ್ಟ್ರು ನನ್ನ ಕುರ್ಚಿಯ ಹಿಂದೆ ಬಂದು ಬಗ್ಗಿ ನೋಡಿದರು. ಆ ಕೂಟಕ್ಕೆ ಹೊರ ತಾಲ್ಲೂಕಿನ ತೀರ್ಪುಗಾರರಾಗಿ ಅವರೂ ಬರುವವರಿದ್ದರು.

"ಚೆನ್ನಾಗದೆ ಮೇಡಂ. ಇಬ್ರುನ್ನ ಒಟ್ಗೇ ಆಕಿ ನೋಡುದ್ರಾ?"

ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಬಂದಿದ್ದಾರೆ ಎಂದು ಮೈಯೆಲ್ಲ ಉರಿಯಿತು.

"ಎಲ್ಲ ನೋಡಿದ್ದೀನಿ ಸರ್" ಎಂದೆ.

"ಆಯ್ತು ಬುಡಿ ಮೇಡಂ" ಎಂದು ತಮ್ಮ ಜಾಗಕ್ಕೆ ಹೋದರು. ನಾನು ಹೇಳಿದ್ದು ಸುಳ್ಳು. ಮನೆಗೆ ಹೋಗಿ ಇಬ್ಬರ ಹೆಸರು ಹಾಕಿ ನೋಡಬಹುದಿತ್ತು, ಐದು ನಿಮಿಷದ ಕೆಲಸ. ನೋಡಿದರೆ ಅವರ ಮಾತು ಕೇಳಿದಂತಾಗುತ್ತದೆ ಎಂದು ನೋಡಲಿಲ್ಲ.

ಕೂಟದ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಮೇಜು ಹಾಕಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಮಕ್ಕಳು ತಮ್ಮ ಶಾಲೆಯ ಚೀಟಿ ಹಿಡಿದು ಸಾಲಾಗಿ ನಿಂತಿದ್ದರು. ನಾಲ್ಕೈದು ಶಾಲೆಯ ಮುಖ್ಯೋಪಾಧ್ಯಾಯರು ನನ್ನ ಹಿಂದೆ ನಿಂತು ನೋಡುತ್ತಿದ್ದರು. ದೂರದಲ್ಲಿ ಪಿ.ಟಿ. ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಓಟದ ಗೆರೆ ಎಳೆಯುತ್ತಿದ್ದರು. ಅವರು ಒಮ್ಮೆ ಈ ಕಡೆ ನೋಡಲಿ ಎಂದು ನನಗೆ ಆಸೆಯಿತ್ತು.

ಮೊದಲನೆಯ ಹುಡುಗಿ: ನೂರು ಮೀಟರ್ ಓಟ, ಉದ್ದ ಜಿಗಿತ. ಸೇರಿತು. ಎರಡನೆಯವಳು: ಗುಂಡು ಎಸೆತ. ಸೇರಿತು. ಮೂರನೆಯವಳು ಹೆಮ್ಮರಗಾಲದ ಕಡೆಯಿಂದ ಬಂದವಳು, ಸಣಕಲು ಹುಡುಗಿ, ಬರಿಗಾಲು. ಎಂಟುನೂರು ಮೀಟರ್ ಎಂದು ಒತ್ತಿದೆ. 'ಸೇರಿಸಲಾಗದು' ಎಂದಿತು.

"ನಿನ್ನ ಹೆಸರಲ್ಲಿ ಆಗಲೇ ಮೂರು ಆಟ ಇದೆಯಲ್ಲಮ್ಮ?"

"ಇಲ್ಲ ಮಿಸ್. ಎಂಟ್ನೂರ್ ಮೀಟ್ರು ಒಂದೇಯ."

"ಇಲ್ಲಿ ತೋರಿಸ್ತಿದೆ ನೋಡು. ನೂರು ಮೀಟರ್, ಉದ್ದ ಜಿಗಿತ, ಗುಂಡು ಎಸೆತ. ಮೂರು ಕೊಟ್ಟು ಇನ್ನೊಂದಕ್ಕೆ ಬಂದು ಸುಳ್ಳು ಯಾಕೆ ಹೇಳ್ತೀಯ?"

"ನಾನು ಗುಂಡ ಮುಟ್ಟೇ ಇಲ್ಲ ಮಿಸ್" ಎಂದಳು. ಕಣ್ಣಲ್ಲಿ ನೀರು ಬಂದಿತ್ತು.

ಆ ಮೂರು ಆಟದ ಹೆಸರನ್ನು ಎರಡು ನಿಮಿಷದ ಹಿಂದೆ ಒತ್ತಿದ್ದು ನನ್ನದೇ ಬೆರಳು. ಅದು ನನಗೆ ಕಾಣಲಿಲ್ಲ. ಅವಳ ಜೊತೆ ಬಂದಿದ್ದ ಮೇಷ್ಟ್ರು ಹಾಜರಿ ಹಾಕಲು ಆಫೀಸಿಗೆ ಹೋಗಿದ್ದರು, ಅವಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಮೂರು ಮುಗಿದಿದೆ' ಎಂದು ಬರೆದು ಅವಳನ್ನು ಸಾಲಿನಿಂದ ಆಚೆ ಕಳಿಸಿದೆ.

ನಾಲ್ಕನೆಯವಳಿಗೂ 'ಸೇರಿಸಲಾಗದು'. ಐದನೆಯವಳಿಗೂ ಅದೇ. ಹಿಂದಿನಿಂದ ನಮ್ಮ ಮುಖ್ಯೋಪಾಧ್ಯಾಯರು ಕೇಳಿದರು, "ಏನ್ ಮೇಡಂ? ಕ್ಯೂ ಗೇಟ್‌ವರೆಗೂ ಹೋಗಿದೆ."

"ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ ಸರ್."

ಇದು ಎರಡನೆಯ ಸುಳ್ಳು. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಓಡಿಸಿದೆ. ಈ ಸಲ ಐದನೆಯವಳನ್ನೇ ಮೊದಲು ಹಾಕಿದೆ, ಅವಳ ಮೂರು ಆಟವೂ ಸೇರಿತು. ನಾಲ್ಕನೆಯವಳನ್ನು ಹಾಕಿದೆ. 'ಸೇರಿಸಲಾಗದು'. ಅವಳ ಪಟ್ಟಿ ತೆಗೆದು ನೋಡಿದರೆ ಐದನೆಯವಳ ಮೂರು ಆಟ ಅವಳ ಹೆಸರಿನ ಮುಂದೆ ಕೂತಿದೆ. ಆಗ ತಿಳಿಯಿತು, ಆ ಬರಿಗಾಲಿನ ಹುಡುಗಿ ಸುಳ್ಳು ಹೇಳಿರಲಿಲ್ಲ. ಯಾಕೆ ಹಾಗಾಗುತ್ತಿದೆ ಎಂದು ತಿಳಿಯಲಿಲ್ಲ. ಇಬ್ಬರನ್ನು ಒಟ್ಟಿಗೆ ಹಾಕಿ ನೋಡಿರಲಿಲ್ಲ ಎನ್ನುವುದು ಮಾತ್ರ ನೆನಪಾಯಿತು.

"ಹಾಳೆ ಮೇಲೆ ಬರ್ಕೊಳ್ಳೋಣ ಬಿಡಿ ಮೇಡಂ, ಮೆಷಿನ್ ಅಂದ್ಮೇಲೆ ಇದ್ದಿದ್ದೇ" ಎಂದು ಮುಖ್ಯೋಪಾಧ್ಯಾಯರು ಒಳ್ಳೆಯ ಮನಸ್ಸಿನಿಂದ ರಿಜಿಸ್ಟರ್ ತರಿಸಿದರು. ಕನ್ನಡದ ಮೇಡಂ ಬರೆಯಲು ಕುಳಿತರು. ಸಾಲು ಸರಸರನೆ ಮುಂದೆ ಹೋಯಿತು. ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹ್ಯಾಂಗ್ ಆಯಿತಂತೆ ಎಂದು ಎಲ್ಲರೂ ಮರೆತುಬಿಡುತ್ತಿದ್ದರು.

ಆದರೆ ಮೈಕಿನಲ್ಲಿ ಕೂಗಿದರು: ಹುಡುಗಿಯರ ಎಂಟುನೂರು ಮೀಟರ್, ಸ್ಪರ್ಧಿಗಳು ಗೆರೆಗೆ ಬರಬೇಕು.

ಸಾಲಿನಲ್ಲಿ, ಮೇಜಿನ ಸುತ್ತ, ಶಾಮಿಯಾನದ ಕೆಳಗೆ ಎಲ್ಲೂ ಆ ಬರಿಗಾಲಿನ ಹುಡುಗಿ ಕಾಣಲಿಲ್ಲ. ಓಟ ನಿಲ್ಲಿಸುವ ಅಧಿಕಾರ ಇದ್ದದ್ದು ಓಟ ಬಿಡುವವರಿಗೆ. ಓಟ ಬಿಡಲು ಗೆರೆಯ ಪಕ್ಕ ನಿಂತಿದ್ದವರು ಪಿ.ಟಿ. ಮೇಷ್ಟ್ರು. ನಿಲ್ಲಿಸಿ ಎಂದರೆ ಯಾಕೆ ಎಂದು ಕೇಳುತ್ತಾರೆ.

ಮೈದಾನ ದಾಟುವಷ್ಟರಲ್ಲಿ ಮೂರು ಥರದ ಕಾರಣ ಹೊಂದಿಸಿಕೊಂಡಿದ್ದೆ. ಅವರ ಮುಂದೆ ನಿಂತಾಗ ಒಂದೂ ಬಾಯಿಗೆ ಬರಲಿಲ್ಲ.

"ಸರ್, ಓಟ ಸ್ವಲ್ಪ ತಡೀರಿ. ಒಬ್ಬ ಹುಡುಗಿ ಬರಬೇಕು. ನನ್ನ ಪ್ರೋಗ್ರಾಂ ತಪ್ಪಾಗಿತ್ತು, ಅವಳನ್ನ ನಾನೇ ಆಚೆ ಕಳಿಸಿಬಿಟ್ಟೆ. ಅವತ್ತು ನಿಮಗೆ ಎಲ್ಲ ನೋಡಿದ್ದೀನಿ ಅಂದೆನಲ್ಲ, ನೋಡಿರಲಿಲ್ಲ."

ಅವರು ನನ್ನ ಮುಖ ನೋಡಿದರು, ಆಮೇಲೆ ಗಡಿಯಾರ ನೋಡಿದರು. "ಐದ್ ನಿಮ್ಸ ಕೊಡ್ತೀನಿ ಮೇಡಂ. ಅದುರ್ ಮ್ಯಾಲೆ ಆಗಕಿಲ್ಲ, ಐಕ್ಳು ಬಿಸ್ಲಲ್ ನಿಂತವೆ. ಓಗಿ ಬ್ಯಾಗ ಕರ್ಕಂಡ್ ಬನ್ನಿ."

ಬಿಸಿಯೂಟದ ಅಡುಗೆಮನೆಯ ಹಿಂದೆ ನಲ್ಲಿಯ ಹತ್ತಿರ ಅವಳು ಮುಖ ತೊಳೆಯುತ್ತಿದ್ದಳು. ನನ್ನನ್ನು ಕಂಡು ಹೆದರಿ ಹಿಂದೆ ಸರಿದಳು.

"ತಪ್ಪು ನಂದು ಕಣಮ್ಮ. ನೀನು ಹೇಳಿದ್ದು ನಿಜ. ಬಾ, ಓಟ ನಿಲ್ಲಿಸಿದ್ದಾರೆ."

ಅವಳು ನನ್ನ ಪಕ್ಕದಿಂದ ಗೆರೆಯ ಕಡೆಗೆ ಓಡಿದಳು.

ಮೂರನೆಯವಳಾಗಿ ಬಂದಳು. ಮುಂದಿನ ಹಂತಕ್ಕೆ ಹೋಗುವವರು ಮೊದಲ ಇಬ್ಬರು. ಅರ್ಧ ಗಂಟೆ ಅಳದೆ, ಮೈ ಬಿಸಿ ಮಾಡಿಕೊಂಡು ಓಡಿದ್ದರೆ ಇನ್ನೊಂದು ಸ್ಥಾನ ಮೇಲೆ ಬರುತ್ತಿದ್ದಳೋ ಏನೋ. ಅದನ್ನು ತಿಳಿಯಲು ಯಾವ ದಾರಿಯೂ ಇಲ್ಲ. ಅವಳು ಮಾತ್ರ ಮೂರನೆಯ ಬಹುಮಾನದ ಸ್ಟೀಲ್ ಲೋಟ ಹಿಡಿದುಕೊಂಡು ಗೆಳತಿಯರ ನಡುವೆ ನಗುತ್ತಿದ್ದಳು.

ಊಟದ ಹೊತ್ತಿಗೆ ಪಿ.ಟಿ. ಮೇಷ್ಟ್ರು ಚಿತ್ರಾನ್ನದ ತಟ್ಟೆ ಹಿಡಿದು ನನ್ನ ಮೇಜಿಗೆ ಬಂದರು. "ತೆಗೀರಿ ಮೇಡಂ, ನೋಡುವ." ಪರದೆಯನ್ನು ಓದಲು ಅವರಿಗೆ ಒಂದು ನಿಮಿಷ ಹಿಡಿಯಿತು. ಅನ್ನ ಮೆತ್ತಿದ ಬೆರಳನ್ನು ಪರದೆಗೆ ತಾಗಿಸದೆ ದೂರದಿಂದ ತೋರಿಸಿದರು.

"ಈ ಪಟ್ಟಿನ ನೀವು ಕ್ಲಾಸ್‌ಗೇ ಕೊಟ್ಬುಟ್ಟಿದ್ದೀರಿ. ಐಕ್ಳಿಗೆ ಕೊಟ್ಟಿಲ್ಲ. ಎಲ್ಲಾವೂ ಬಂದ್ಬಂದು ಒಂದೇ ಪಟ್ಟೀಲಿ ಬರೀತಾ ಕೂತವೆ."

"ಆದ್ರೆ ಫಾರಂನಲ್ಲಿ ಕಲಂ ಅಚ್ಚಾಗಿದ್ರೆ ಎಲ್ಲ ಪ್ರತಿಗೂ ಬರುತ್ತಲ್ಲ ಸರ್?"

"ಫಾರಂ ಆದ್ರೆ ಬತ್ತದೆ. ಇದು ನಕಲು ಮಾಡಕಿಲ್ಲ ಮೇಡಂ. ಕ್ಲಾಸಲ್ಲಿ ಬರ್ದಿದ್ದು ಕ್ಲಾಸತ್ರನೇ ಇರ್ತದೆ. ಐಕ್ಳು ತಮ್ಮತ್ರ ಇಲ್ದಿದ್ರೆ ಅಲ್ಲೋಗಿ ನೋಡ್ತವೆ, ಅಷ್ಟೇ. ಇನಿಟ್ ಒಳಗಾಕಿ, ಮುಂದೆ ಸೆಲ್ಫ್ ಸೇರ್ಸಿ."

ಸಾಲನ್ನು ಕೆಳಗಿಳಿಸಿ, ಇನಿಟ್ ಒಳಗೆ ತಂದು ತಿದ್ದಿದೆ:

self.aatagalu = []

ಈಗ ಹುಟ್ಟುವ ಪ್ರತಿ ಸ್ಪರ್ಧಿಗೂ ಇನಿಟ್ ಓಡುತ್ತದೆ, ಓಡಿದಾಗಲೆಲ್ಲ ಹೊಸದೊಂದು ಖಾಲಿ ಪಟ್ಟಿ ಹುಟ್ಟುತ್ತದೆ, ಅದು ಆ ಸ್ಪರ್ಧಿಯದೇ ಆಗಿರುತ್ತದೆ. ಇಬ್ಬರನ್ನು ಹಾಕಿದೆ. ಐವರನ್ನು ಹಾಕಿದೆ. ಒಬ್ಬರ ಆಟ ಇನ್ನೊಬ್ಬರಿಗೆ ಹೋಗಲಿಲ್ಲ. 'ಮೂರು' ಎಂಬ ಮಿತಿಯನ್ನು ಮಾತ್ರ ಕ್ಲಾಸಿನಲ್ಲೇ ಬಿಟ್ಟೆ, ಅದು ಎಲ್ಲರಿಗೂ ಒಂದೇ, ಯಾರೂ ಅದನ್ನು ಬದಲಿಸುವುದಿಲ್ಲ. ಎಲ್ಲರಿಗೂ ಸೇರಿದ್ದು ಯಾವುದು, ಒಬ್ಬೊಬ್ಬರಿಗೆ ಸೇರಿದ್ದು ಯಾವುದು ಎಂದು ನಾನು ಮೊದಲ ಸಲ ಸರಿಯಾಗಿ ಕಂಡದ್ದು ಆ ಮರದ ಕೆಳಗೆ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಬಂದರು. ಪಿ.ಟಿ. ಮೇಷ್ಟ್ರು ನನಗಿಂತ ಮೊದಲೇ ಬಾಯಿ ತೆಗೆದರು. "ಮೇಡಂದು ಪ್ರೋಗ್ರಾಂ ಚೆನ್ನಾಗದೆ ಸಾ. ಒಂದೇ ಒಂದ್ ಪದ ಬುಟ್ಟೋಗಿತ್ತು." ಆಮೇಲೆ ನನಗೆ ಮಾತ್ರ ಕೇಳುವಂತೆ, "ನಂದೂ ಇಂಗೇ ಆಗಿತ್ತು ಮೇಡಂ. ಕಬಡ್ಡಿ ಟೀಮ್ ಪ್ರೋಗ್ರಾಂ ಬರೀವಾಗ ಒಬ್ನು ಔಟಾದ್ರೆ ಏಳೂ ಜನ ಔಟು. ಎರಡ್ ದಿವ್ಸ ತಲೆ ಕೆಟ್ಟೋಗಿತ್ತು. ಅದ್ಕೇ ಅವತ್ತು ನಿಮ್ಮ ಕೇಳಿದ್ದು."

ಅವರು ಪರೀಕ್ಷೆ ಮಾಡಲು ಕೇಳಿದ್ದಲ್ಲ. ತಾವು ಬಿದ್ದ ಗುಂಡಿಗೆ ನಾನು ಬೀಳದಿರಲಿ ಎಂದು ಕೇಳಿದ್ದರು. ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾಗಿ ನನಗೆ ಆಗ ಅನಿಸಿದ್ದು ಬೇರೆ: ಇದೇ ತಪ್ಪನ್ನು ನನಗಿಂತ ಮೊದಲೇ ಮಾಡಿದ್ದಾರೆ, ಯಾರ ಸಹಾಯವೂ ಇಲ್ಲದೆ ತಾವೇ ಕಂಡುಹಿಡಿದಿದ್ದಾರೆ. ತಪ್ಪು ಮಾಡುವುದರಲ್ಲೂ ಅವರೇ ಮುಂದೆ.

ಮಧ್ಯಾಹ್ನದ ರಿಲೇ ನೋಂದಣಿಯನ್ನು ಪ್ರೋಗ್ರಾಮಿನಲ್ಲೇ ಮಾಡಿದೆವು. ತೊಂದರೆಯಾಗಲಿಲ್ಲ.

ಕೊನೆಯ ಶನಿವಾರ ನರಸೀಪುರದಲ್ಲಿ ನನ್ನ ಸರದಿ ಬಂದಾಗ ತಿದ್ದಿದ ಪ್ರೋಗ್ರಾಂ ಮಾತ್ರ ತೋರಿಸಿದ್ದರೆ ಸಾಕಿತ್ತು. ಮೊದಲು ತಪ್ಪಿದ್ದನ್ನೇ ಓಡಿಸಿದೆ. ಇಬ್ಬರನ್ನು ಹಾಕಿ, ಒಬ್ಬಳ ಆಟ ಇನ್ನೊಬ್ಬಳಿಗೆ ಹೋಗುವುದನ್ನು ತೋರಿಸಿದೆ. ನನ್ನ ಫಾರಂ ಉದಾಹರಣೆ ನಂಬಿಕೊಂಡು ಇದೇ ತಪ್ಪನ್ನು ಬರೆದಿದ್ದ ಇನ್ನೂ ನಾಲ್ವರು ಆ ಲ್ಯಾಬಿನಲ್ಲಿ ಇದ್ದರು ಎಂದು ಆಗ ಗೊತ್ತಾಯಿತು. ತಪ್ಪು ಹಿಡಿದದ್ದು ಯಾರು ಎಂದು ತರಬೇತುದಾರರು ಕೇಳಿದರು. ಹೇಳಿದೆ.

ಮುಂದಿನ ತಂಡಕ್ಕೆ ಪಿ.ಟಿ. ಮೇಷ್ಟ್ರನ್ನು ಆರಿಸಿದರು. ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಅಂಗೈ ಉರಿಯುತ್ತಿತ್ತು. ಕಾಣಲಿ ಎಂದು ಜೋರಾಗಿ ತಟ್ಟಿದ್ದೆ.

ಆಮೇಲೆ ನಾನು ಓದುವುದನ್ನು ಬಿಡಲಿಲ್ಲ. ಕಲಿಯುವ ಆಸೆ ಎಷ್ಟು, ಅವರಿಗಿಂತ ಮುಂದೆ ಹೋಗುವ ಹಟ ಎಷ್ಟು ಎಂದು ಬೇರ್ಪಡಿಸಲು ನನಗೆ ಬರುವುದಿಲ್ಲ. ಇನ್‌ಹೆರಿಟೆನ್ಸ್ ಎಂಬ ಅಧ್ಯಾಯವನ್ನು ಮೂರು ಸಲ ಓದಿ, ಬರೆದು, ಕೆಡಿಸಿ, ಮತ್ತೆ ಬರೆದೆ.

ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ಫೋನು ಬಂತು.

"ನಮಸ್ಕಾರ ಮೇಡಂ. ನಾಳೆ ಇನ್‌ಹೆರಿಟೆನ್ಸ್ ಪಾಠ ಮಾಡ್ಬೇಕು. ನನ್ ತಲೆಗೇ ಓಗ್ತಿಲ್ಲ. ನಿಮ್ಮ ಬುಟ್ರೆ ಇನ್ಯಾರ ಕೇಳ್ಳಿ?"

ನನಗಾದ ಸಂತೋಷ ಒಳ್ಳೆಯ ಜಾತಿಯದಲ್ಲ. "ಏನು ಅರ್ಥವಾಗ್ಲಿಲ್ಲ ಸರ್?" ಎಂದು ಕೇಳಿ, ಅವರು ಹೇಳಿದ ಮೇಲೆ ಇನ್ನೊಮ್ಮೆ ಹೇಳಿಸಿದೆ. ಆಮೇಲೆ ವಿವರಿಸಿದೆ. ಸ್ಪರ್ಧಿ ಎಂಬ ಕ್ಲಾಸ್ ಇರುವಾಗ ಓಟಗಾರನಿಗೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಿಲ್ಲ. ಸ್ಪರ್ಧಿಯಲ್ಲಿರುವ ಹೆಸರು, ಶಾಲೆ, ಆಟ ಸೇರಿಸುವ ಕೆಲಸ ಎಲ್ಲವೂ ಓಟಗಾರನಿಗೆ ತಾನಾಗಿ ಬರುತ್ತದೆ. ಓಟದ ಸಮಯ ಒಂದನ್ನು ಮಾತ್ರ ಹೊಸದಾಗಿ ಸೇರಿಸಿದರೆ ಸಾಕು. ಅವರು ಎರಡು ಬೆರಳಿನಲ್ಲಿ ಟೈಪ್ ಮಾಡುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಆ, ಈಗ್ ತಿಳೀತು ಮೇಡಂ. ಇಷ್ಟೇಯ?"

ಇಷ್ಟೇ ಅಲ್ಲ. ಓಟಗಾರನಿಗೆ ಸಮಯ ಸೇರಿಸಲು ಹೊಸ ಇನಿಟ್ ಬರೆದ ಕೂಡಲೇ ಅದು ಸ್ಪರ್ಧಿಯ ಇನಿಟ್ಟನ್ನು ಮುಚ್ಚಿಬಿಡುತ್ತದೆ. ಸೂಪರ್ ಎಂಬ ಪದದಿಂದ ಹಳೆಯ ಇನಿಟ್ಟನ್ನು ನಾವೇ ಕರೆಯಬೇಕು. ಕರೆಯದಿದ್ದರೆ ಓಟಗಾರನಿಗೆ ಹೆಸರೂ ಇಲ್ಲ, ಪಟ್ಟಿಯೂ ಇಲ್ಲ, ಪ್ರೋಗ್ರಾಂ ಎಲ್ಲರ ಎದುರಿಗೆ ನಿಂತುಹೋಗುತ್ತದೆ. ನಾನು ಆ ತಪ್ಪಿನಲ್ಲಿ ಎರಡು ಸಂಜೆ ಕಳೆದಿದ್ದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿಯಾಗಿತ್ತು. ಇದನ್ನು ಕೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನಾಳೆ ಮಧ್ಯಾಹ್ನ, ಹೊಸ ಹದಿನಾರು ಜನ, ತರಬೇತುದಾರರೂ ಇರುತ್ತಾರೆ.

ನಾನು ಪುಸ್ತಕದಲ್ಲಿ ಆ ಪುಟ ತಿರುವಿದೆ.

"ಫೋನ್ ಮಡುಗ್ಲಾ ಮೇಡಂ?" ಎಂದರು.

"ತಡೀರಿ ಸರ್," ಎಂದೆ. "ಇನ್ನೊಂದಿದೆ. ಬರ್ಕೊಳ್ಳಿ."